ಲಾರಿ ಬರುವ ಮುಂಚಿನ ಕೆಲಸ

(ಕರಾವಳಿಯ ಕಾಲೇಜು ಮತ್ತು ಆಸ್ಪತ್ರೆ ಲ್ಯಾಬ್‌ಗಳ ಸಿಬ್ಬಂದಿಗಾಗಿ ಲ್ಯಾಬ್ ಸ್ಥಳಾಂತರದ ಬಗ್ಗೆ ಮಂಗಳೂರಿನಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

2014ರ ಜುಲೈ 1. ಅಮೆರಿಕದ ಬೆಥೆಸ್ಡಾದಲ್ಲಿ ಒಂದು ಸರ್ಕಾರಿ ಲ್ಯಾಬಿನವರು ಬೇರೆ ಕ್ಯಾಂಪಸ್ಸಿಗೆ ಹೋಗುವ ತಯಾರಿಯಲ್ಲಿದ್ದರು. ಕೋಲ್ಡ್ ರೂಮ್ ಖಾಲಿ ಮಾಡುವಾಗ ಹಳೆಯ ರಟ್ಟಿನ ಡಬ್ಬಗಳು ಸಿಕ್ಕವು. ಒಳಗೆ ಒಟ್ಟು 327 ಗಾಜಿನ ಸೀಸೆಗಳು. ಅವುಗಳಲ್ಲಿ ಆರರಲ್ಲಿ ಸಿಡುಬಿನ ವೈರಸ್ ಇರುವುದು ಪರೀಕ್ಷೆಯಲ್ಲಿ ಖಚಿತವಾಯಿತು. 1950ರ ದಶಕದ ಸರಕು. ಸಿಡುಬು ಜಗತ್ತಿನಿಂದ ಹೋಯಿತು ಅಂತ 1980ರಲ್ಲೇ ಘೋಷಣೆ ಆಗಿದೆ. ಆ ವೈರಸ್ ಇಟ್ಟುಕೊಳ್ಳಲು ಜಗತ್ತಿನಲ್ಲಿ ಅನುಮತಿ ಇರುವುದು ಎರಡೇ ಜಾಗಕ್ಕೆ, ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾದ ಕೋಲ್ತ್ಸೊವೊ. ಇಲ್ಲಿ ನೋಡಿದರೆ ಯಾರಿಗೂ ಗೊತ್ತಿಲ್ಲದ ಮೂರನೇ ಜಾಗ. ಆರರಲ್ಲಿ ಎರಡು ಸೀಸೆಯ ವೈರಸ್ ಇನ್ನೂ ಬೆಳೆಯುವ ಸ್ಥಿತಿಯಲ್ಲಿತ್ತು.

ನೀವು ನಗ್ತಿದ್ದೀರಿ. ನಿಮ್ಮ ಸ್ಟೋರ್ ರೂಮಿನಲ್ಲಿ ಸಿಡುಬು ಇರಲಿಕ್ಕಿಲ್ಲ, ಒಪ್ಪಿದೆ. ಆದರೆ ಮೇಲಿನ ಅಟ್ಟದ ಕೊನೆಯ ಸಾಲಿನಲ್ಲಿ ಏನಿದೆ ಅಂತ ಈಗ ಕೇಳಿದರೆ ಎಷ್ಟು ಜನ ಹೇಳ್ತೀರಿ?

ಲ್ಯಾಬ್ ಶಿಫ್ಟಿಂಗ್ ಅಂದ ಕೂಡಲೇ ಎಲ್ಲರೂ ಕೇಳುವುದು ಲಾರಿಯ ವಿಷಯ. ಯಾವ ಪ್ಯಾಕರ್ಸ್‌ನವರು ಒಳ್ಳೆಯದು, ಎಷ್ಟು ಬಾಡಿಗೆ, ಒಂದೇ ಟ್ರಿಪ್ಪಿನಲ್ಲಿ ಆಗ್ತದಾ. ಲಾರಿ ಕೊನೆಯ ಎರಡು ಮೂರು ದಿನದ ಮಾತು. ಜಾಸ್ತಿ ಅಪಾಯ ಇರುವುದು ಹೆಸರಿಲ್ಲದ ವಸ್ತುವಿನಲ್ಲಿ, ಯಾರದ್ದೂ ಅಲ್ಲದ ವಸ್ತುವಿನಲ್ಲಿ. ಹತ್ತು ವರ್ಷ ಕದಲದೆ ಕೂತದ್ದನ್ನು ಒಬ್ಬ ಕೈ ಹಾಕಿ ಎತ್ತುತ್ತಾನಲ್ಲ, ಆ ಗಳಿಗೆಯಲ್ಲಿ. ಹಾಗಾಗಿ ಇವತ್ತು ನಾನು ಲಾರಿಗಿಂತ ಮುಂಚಿನ ಕೆಲಸದ ಬಗ್ಗೆಯೇ ಜಾಸ್ತಿ ಮಾತಾಡ್ತೇನೆ.

ಮೊದಲು ಪಟ್ಟಿ. ಸ್ಟಾಕ್ ರಿಜಿಸ್ಟರ್ ಇದೆಯಲ್ಲ ಸಾರ್ ಅಂತ ಹೇಳಬೇಡಿ. ಸ್ಟಾಕ್ ರಿಜಿಸ್ಟರ್ ಬರೆಯುವುದು ಆಡಿಟ್‌ಗೆ. ಕೊಂಡದ್ದು ಅದರಲ್ಲಿ ಇರುತ್ತದೆ, ಉಳಿದದ್ದು ಇರುವುದಿಲ್ಲ. ನಿವೃತ್ತರಾದ ಪ್ರೊಫೆಸರರು ತಮ್ಮ ಪಿಎಚ್‌ಡಿ ಕಾಲದಿಂದ ಇಟ್ಟುಕೊಂಡದ್ದು ಇರುವುದಿಲ್ಲ. ಪಕ್ಕದ ಕಾಲೇಜಿನಿಂದ ಕೈಗಡ ತಂದ ಬಾಟಲಿ ಇರುವುದಿಲ್ಲ. ಕಪಾಟಿನ ಮುಂದೆ ನಿಂತು, ಒಂದೊಂದೇ ಬಾಟಲಿ ಕಣ್ಣಿಂದ ನೋಡಿ ಬರೆಯಬೇಕು. ನೋಡಿ ಅಂದೆ, ಎತ್ತಿ ಅನ್ನಲಿಲ್ಲ. ಬರೆಯುವವರು ಇಬ್ಬರಿರಲಿ. ಅದರಲ್ಲಿ ಒಬ್ಬರು ಹಳೆಯ ಅಟೆಂಡರ್ ಆಗಿದ್ದರೆ ನಿಮ್ಮ ಪುಣ್ಯ. ನಾನು ನೋಡಿದ ಬಹುಪಾಲು ಲ್ಯಾಬ್‌ಗಳಲ್ಲಿ ಯಾವ ಬಾಟಲಿ ಯಾರದ್ದು ಅಂತ ಗೊತ್ತಿರುವುದು ಎಚ್‌ಒಡಿಗೆ ಅಲ್ಲ, ಅಟೆಂಡರಿಗೆ. ಅವರು ಮುಂದಿನ ಮಾರ್ಚ್‌ನಲ್ಲಿ ರಿಟೈರ್ ಆಗ್ತಾರೆ ಅಂದರೆ ಈಗಲೇ ಕೂರಿಸಿ ಕೇಳಿ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ. ಇಲ್ಲಿ ಲೇಬಲ್ ಉಳಿಯುವುದಿಲ್ಲ. ಮಳೆಗಾಲದಲ್ಲಿ ಅಂಟು ಬಿಡುತ್ತದೆ, ಜಿರಳೆ ಆ ಅಂಟನ್ನೇ ತಿನ್ನುತ್ತದೆ, ಆಸಿಡ್ ಹೊಗೆಗೆ ಶಾಯಿ ಮಾಸುತ್ತದೆ. ಉಳಿದ ಲೇಬಲ್‌ಗಳಲ್ಲಿ ಏನು ಬರೆದಿರುತ್ತದೆ? 'ಸ್ಯಾಂಪಲ್ 3, ಹೊಸತು'. ಯಾರ ಸ್ಯಾಂಪಲ್, ಯಾವ ವರ್ಷದ ಹೊಸತು? ಹೀಗೆ ಗುರುತು ಸಿಗದ ಬಾಟಲಿಗಳನ್ನು ಬೇರೆಯೇ ಪಟ್ಟಿ ಮಾಡಿ. ಮುಚ್ಚಳ ತೆಗೆದು ಮೂಸಿ ನೋಡುವ ಧೈರ್ಯ ಬೇಡ. ಹಳಬರಲ್ಲಿ ಕೆಲವರಿಗೆ ಆ ಅಭ್ಯಾಸ ಇದೆ. ಅವರು ಇನ್ನೂ ಬದುಕಿರುವುದು ಅಭ್ಯಾಸ ಒಳ್ಳೆಯದು ಅಂತ ಅಲ್ಲ.

ಈಗ ಕೆಲವು ಹೆಸರುಗಳನ್ನು ಹೇಳ್ತೇನೆ, ಬರೆದುಕೊಳ್ಳಿ. ಇವು ನಿಮ್ಮ ಕಪಾಟಿನಲ್ಲಿ ಇರುವ ಸಾಧ್ಯತೆ ಇದೆ, ಮತ್ತು ಇವನ್ನು ಸುಮ್ನೆ ಎತ್ತಿ ಪೆಟ್ಟಿಗೆಗೆ ಹಾಕುವ ಹಾಗಿಲ್ಲ.

ಪಿಕ್ರಿಕ್ ಆಸಿಡ್. ಆಸ್ಪತ್ರೆಯವರು ಗಮನಿಸಿ. ರಕ್ತದ ಕ್ರಿಯಾಟಿನಿನ್ ನೋಡುವ ಜಾಫೆ ವಿಧಾನಕ್ಕೆ ಬೇಕಾಗುವುದು ಇದೇ. ಅಂಗಾಂಶಗಳನ್ನು ಕೆಡದಂತೆ ಇಡುವ ಬೋವಾನ್ ದ್ರಾವಣದಲ್ಲೂ ಇದೆ. ನೀರಿನಲ್ಲಿ ನೆನೆದಿರುವಾಗ ಇದರ ಗಲಾಟೆ ಇಲ್ಲ. ನೀರಿನ ಅಂಶ ಶೇಕಡಾ 30ಕ್ಕಿಂತ ಕಡಿಮೆ ಆಗದ ಹಾಗೆ ಇಡಬೇಕು ಅಂತ ಪದ್ಧತಿ. ಪೂರ್ತಿ ಒಣಗಿದರೆ ಅದು ಸಿಡಿಮದ್ದು. ಮುಚ್ಚಳದ ಎಳೆಗಳಲ್ಲಿ ಹಳದಿ ಹರಳು ಕೂತಿದ್ದರೆ ಮುಚ್ಚಳ ತಿರುಗಿಸುವ ತಿಕ್ಕಾಟವೇ ಸಾಕು. ಲೋಹದ ಮುಚ್ಚಳ ಆಗಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಲೋಹದ ಜೊತೆ ಸೇರಿ ಆಗುವ ಪಿಕ್ರೇಟ್‌ಗಳು ಆಸಿಡ್‌ಗಿಂತಲೂ ಸೂಕ್ಷ್ಮ. ಅಂಥದ್ದು ಕಂಡರೆ ಕೈ ಹಿಂದೆ ತೆಗೆದು, ಕೋಣೆಗೆ ಬೀಗ ಹಾಕಿ, ಪೊಲೀಸರಿಗೆ ಹೇಳಿ. ಅವರ ಬಾಂಬ್ ನಿಷ್ಕ್ರಿಯ ದಳದ ಕೆಲಸ ಅದು. ಒಂದು ಬಾಟಲಿಗೆ ಬಾಂಬ್ ದಳವಾ ಮಾರಾಯ್ರೆ ಅಂತ ನಿಮ್ಮ ಪ್ರಿನ್ಸಿಪಾಲರು ಕೇಳಬಹುದು. 2016ರ ಕೊನೆಯಲ್ಲಿ ಬ್ರಿಟನ್ನಿನ ಶಾಲೆಗಳಲ್ಲಿ ಇದೇ ಆಯಿತು ಅಂತ ಹೇಳಿ. ಅಲ್ಲಿ ಸಿಕ್ಕಿದ್ದು 2,4-ಡಿಎನ್‌ಪಿಎಚ್ (ಡೈನೈಟ್ರೋಫಿನೈಲ್ ಹೈಡ್ರಜೀನ್), ನಮ್ಮ ಡಿಗ್ರಿ ಮಕ್ಕಳು ಆಲ್ಡಿಹೈಡ್, ಕೀಟೋನ್ ಗುರುತಿಸಲು ಬಳಸುವ ಅದೇ ಪುಡಿ. ಒಣಗಿರಬಹುದು ಅನ್ನುವ ಸಂಶಯಕ್ಕೇ ಶಾಲೆ ಶಾಲೆಗೆ ಬಾಂಬ್ ದಳ ಹೋಗಿತ್ತು.

ಈಥರ್. ತೆರೆದಿಟ್ಟ ಈಥರ್ ಗಾಳಿ ಬೆಳಕಿನಲ್ಲಿ ನಿಧಾನವಾಗಿ ಪೆರಾಕ್ಸೈಡ್ ಮಾಡಿಕೊಳ್ಳುತ್ತದೆ. ಟಿಎಚ್‌ಎಫ್ ಅನ್ನುವ ದ್ರಾವಕ ಕೂಡ ಹಾಗೆಯೇ. ಐಸೊಪ್ರೊಪೈಲ್ ಈಥರ್ ಇವೆರಡಕ್ಕಿಂತ ಕೆಟ್ಟದ್ದು. ಬಾಟಲಿಯ ಮೇಲೆ ತೆರೆದ ದಿನಾಂಕ ಇಲ್ಲದಿದ್ದರೆ ಹಳೆಯದು ಅಂತಲೇ ಲೆಕ್ಕ. ಕುತ್ತಿಗೆಯಲ್ಲೋ ತಳದಲ್ಲೋ ಹರಳು ಕಂಡರೆ ಪಿಕ್ರಿಕ್ ಆಸಿಡ್‌ಗೆ ಹೇಳಿದ ಮಾತೇ ಇದಕ್ಕೂ.

ಟಾಲೆನ್ಸ್ ರೀಏಜೆಂಟ್, ಆಲ್ಡಿಹೈಡ್ ಪರೀಕ್ಷೆಗೆ ಮಾಡುವ ಬೆಳ್ಳಿಯ ದ್ರಾವಣ. ಇದು ಕಪಾಟಿನಲ್ಲಿ ಇರಲೇಬಾರದು. ಆಗಿಂದಾಗ ಮಾಡಿ, ಆ ದಿನವೇ ಆಮ್ಲ ಹಾಕಿ ಮುಗಿಸಬೇಕಾದ್ದು. ಇಟ್ಟರೆ ಮುಟ್ಟಿದಲ್ಲಿ ಸಿಡಿಯುವ ಬೆಳ್ಳಿಯ ಸಂಯುಕ್ತ ಆಗುತ್ತದೆ. ಪರೀಕ್ಷೆ ಮುಗಿದ ಮೇಲೆ ಮುಂದಿನ ಬ್ಯಾಚಿಗೆ ಆಗ್ತದೆ ಅಂತ ಎತ್ತಿಟ್ಟ ಬಾಟಲಿಯನ್ನು ನಾನೇ ನೋಡಿದ್ದೇನೆ. ಯಾವ ಕಾಲೇಜು ಅಂತ ಕೇಳಬೇಡಿ.

ಸೋಡಿಯಂ ಅಝೈಡ್. ಇದನ್ನು ಸಿಂಕಿಗೆ ಸುರಿದರೆ ತಾಮ್ರ, ಸೀಸದ ಪೈಪಿನ ಜೊತೆ ಸೇರಿ ಪೈಪಿನೊಳಗೇ ಸ್ಫೋಟಕ ಆಗುತ್ತದೆ. ಆಮೇಲೆ ಪೈಪ್ ಬಿಚ್ಚುವ ಪ್ಲಂಬರ್‌ಗೆ ಆಪತ್ತು. ಪಾದರಸದ ಬಗ್ಗೆ ನಿಮಗೆಲ್ಲ ಗೊತ್ತಿದೆ. ನೀರಿಗಿಂತ 13.6 ಪಟ್ಟು ಭಾರ, ಸಣ್ಣ ಬಾಟಲಿ ಅಂತ ಒಂದು ಕೈಯಲ್ಲಿ ಎತ್ತಲು ಹೋಗಿ ಬೀಳಿಸುವವರೇ ಜಾಸ್ತಿ.

ಪಟ್ಟಿ ಮುಗಿದ ಮೇಲೆ ಬರುವ ಪ್ರಶ್ನೆ, ಯಾವುದನ್ನು ಒಯ್ಯಬಾರದು ಅಂತ. ನನ್ನ ಅಭಿಪ್ರಾಯದಲ್ಲಿ ಅರ್ಧದಷ್ಟು ಒಯ್ಯಬಾರದು. ನಮಗೆ ಬಿಸಾಡುವುದು ಅಂದರೆ ಹೊಟ್ಟೆ ಉರಿ. 500 ಗ್ರಾಂ ಬಾಟಲಿಯಲ್ಲಿ 490 ಗ್ರಾಂ ಹಾಗೇ ಇದೆ ಸಾರ್ ಅಂತಾರೆ. ಹದಿನೈದು ವರ್ಷದಲ್ಲಿ 10 ಗ್ರಾಂ ಖರ್ಚಾಗಿದೆ ಅಂದರೆ ಉಳಿದದ್ದು ಯಾವಾಗ ಖರ್ಚಾಗ್ತದೆ?

ಆದರೆ ಬಿಸಾಡುವುದು ಎಲ್ಲಿಗೆ? ಇಲ್ಲಿ ಸ್ವಲ್ಪ ನಿಲ್ತೇನೆ. ಹಿತ್ತಲಲ್ಲಿ ಗುಂಡಿ ತೋಡಿ ಹುಗಿಯುವ, ರಾತ್ರಿ ಸಿಂಕಿಗೆ ಸುರಿದು ನೀರು ಬಿಡುವ ಪದ್ಧತಿ ಇನ್ನೂ ಸತ್ತಿಲ್ಲ. ನಮ್ಮದು ಮುರಕಲ್ಲಿನ ನೆಲ. ತೂತು ತೂತಿನ ಕಲ್ಲು, ಸುರಿದ ನೀರು ಸರ್ರನೆ ಇಳಿಯುತ್ತದೆ. ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಪ್ರತಿ ಮನೆಗೂ ಒಂದು ಬಾವಿ. ಮೊದಲ ಮಳೆ ಬಿದ್ದು ಸ್ವಲ್ಪ ದಿನಕ್ಕೆಲ್ಲ ಬಾವಿಯ ನೀರು ಮೇಲೆ ಬರುವುದನ್ನು ನೀವೇ ನೋಡ್ತೀರಲ್ಲ. ನೀವು ಹುಗಿದದ್ದೂ ಅದೇ ದಾರಿಯಲ್ಲಿ ಹೋಗುತ್ತದೆ. ಕ್ಯಾಂಪಸ್ಸಿನ ಕಾಂಪೌಂಡ್ ಗೋಡೆ ಮಣ್ಣಿನಡಿಯ ನೀರಿಗೆ ಅಡ್ಡ ಬರುವುದಿಲ್ಲ.

ಕಾನೂನು ಸರಳವಾಗಿಯೇ ಇದೆ. ಅಪಾಯಕಾರಿ ತ್ಯಾಜ್ಯಕ್ಕೆ 2016ರ ನಿಯಮಗಳಿವೆ. 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ, ಅಧಿಕೃತ ಸಂಸ್ಥೆಗೆ ಮ್ಯಾನಿಫೆಸ್ಟ್ (ಏನು, ಎಷ್ಟು ಅನ್ನುವ ಸಾಗಣೆ ಪತ್ರ) ಬರೆದೇ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ ಮಂಗಳೂರಿನಲ್ಲೂ ಇದೆ, ಉಡುಪಿಯಲ್ಲೂ ಇದೆ. ಆಸ್ಪತ್ರೆ ತ್ಯಾಜ್ಯಕ್ಕೆ ಬೇರೆ ನಿಯಮ, ಅದೂ 2016ರದ್ದೇ. ಸಂಸ್ಕರಿಸದ ತ್ಯಾಜ್ಯ 48 ಗಂಟೆ ದಾಟಬಾರದು ಅನ್ನುವುದು ನಿಮಗೆ ಬಾಯಿಪಾಠ. ಶಿಫ್ಟಿಂಗ್ ಅಂತ ಅದಕ್ಕೆ ವಿನಾಯಿತಿ ಇಲ್ಲ. ಇವರೆಲ್ಲರ ಜೊತೆ ಪತ್ರವ್ಯವಹಾರ ಆಗಬೇಕಾದರೆ ಸಮಯ ಬೇಕು. ಅದಕ್ಕೇ ನಾನು ಆರು ತಿಂಗಳ ಮುಂಚೆ ಶುರು ಮಾಡಿ ಅನ್ನುವುದು. ಪೆಟ್ಟಿಗೆ ಕಟ್ಟಲು ಆರು ತಿಂಗಳು ಬೇಡ.

ಯಾವ ತಿಂಗಳಲ್ಲಿ ಸಾಗಿಸಬೇಕು? ಆಡಳಿತ ಮಂಡಳಿಯವರಿಗೆ ಬೇಸಿಗೆ ರಜೆ ಇಷ್ಟ. ಏಪ್ರಿಲ್, ಮೇಯಲ್ಲಿ ಮಕ್ಕಳಿಲ್ಲ, ಜೂನ್‌ಗೆ ಹೊಸ ಬ್ಲಾಕಿನ ಉದ್ಘಾಟನೆ. ಈಥರ್ ಕುದಿಯುವುದು 34.6 ಡಿಗ್ರಿಗೆ. ಮೇ ತಿಂಗಳ ಮಧ್ಯಾಹ್ನ ನಂತೂರು ಸರ್ಕಲ್ಲಿನಲ್ಲಿ ಸಿಗ್ನಲ್ ಕಾಯುವಾಗ ನಿಮ್ಮ ಮುಚ್ಚಿದ ವ್ಯಾನಿನೊಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಬಿಗಿ ಮುಚ್ಚಿದ ಅಮೋನಿಯಾ ಬಾಟಲಿ, ಹೈಡ್ರೋಜನ್ ಪೆರಾಕ್ಸೈಡ್ ಕ್ಯಾನ್ ಎಲ್ಲ ಒಳಗೇ ಒತ್ತಡ ಕಟ್ಟಿಕೊಂಡು ಕೂತಿರುತ್ತವೆ. ಸ್ವಲ್ಪ ತಡವಾಗಿ ಜೂನ್‌ಗೆ ಹೋಯಿತು ಅಂದರೆ ಮಳೆ. ಸೋಡಿಯಂ ಲೋಹ ಸೀಮೆಎಣ್ಣೆಯೊಳಗೆ ಯಾಕಿದೆ ಅಂತ ನಿಮಗೆ ಹೇಳಬೇಕಾ? ಕ್ರಿಸ್‌ಮಸ್ ರಜೆ ಕೇಳಿ ತೆಗೆದುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಗಾಳಿ ಒಣಗಿರುತ್ತದೆ, ಬೆಳಗ್ಗೆ ತಂಪು. ಬೇಸಿಗೆಯಲ್ಲೇ ಆಗಬೇಕು ಅಂತ ಹಟ ಹಿಡಿದರೆ, ರಾಸಾಯನಿಕಗಳ ಗಾಡಿ ಬೆಳಗ್ಗೆ ಎಂಟರೊಳಗೆ ಹೋಗಿ ಮುಟ್ಟಿರಬೇಕು.

ಹೊಸ ಕಟ್ಟಡದ ವಿಷಯ. ಮನೆ ಒಕ್ಕಲಿಗೆ ನಾವು ಮೊದಲು ಒಲೆ ಹಚ್ಚಿ ಹಾಲು ಉಕ್ಕಿಸ್ತೇವೆ, ಸೋಫಾ ಆಮೇಲೆ ಬರುತ್ತದೆ. ಲ್ಯಾಬಿಗೂ ಹಾಗೆಯೇ. ಕಣ್ಣು ತೊಳೆಯುವ ನಲ್ಲಿ, ತುರ್ತು ಶವರ್, ಹೊಗೆಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್ ಇವು ಮೂರೂ ಕೆಲಸ ಮಾಡುವ ತನಕ ಒಂದು ಬಾಟಲಿಯೂ ಒಳಗೆ ಹೋಗಬಾರದು. ಹುಡ್ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್ ಇದೆಯಾ ಅಂತ ಅಳೆಸಿ. ಫ್ಯಾನ್ ಸದ್ದು ಕೇಳ್ತದೆ ಅನ್ನುವುದು ಅಳತೆ ಅಲ್ಲ. ಅರ್ಥಿಂಗ್ ನೋಡಿಸಿ. ತ್ರೀ ಫೇಸ್ ಲೈನಿನಲ್ಲಿ ಫೇಸ್‌ಗಳ ಕ್ರಮ ಅದಲು ಬದಲಾದರೆ ಮೋಟಾರ್ ಹಿಂದೆ ತಿರುಗುತ್ತದೆ, ಕೆಲವು ಪಂಪ್‌ಗಳು ಅಷ್ಟರಲ್ಲೇ ಕೆಟ್ಟುಹೋಗುತ್ತವೆ. ಬಾಗಿಲು ಎಷ್ಟು ಅಗಲ, ಲಿಫ್ಟ್ ಎಷ್ಟು ಆಳ, ಮೆಟ್ಟಿಲ ತಿರುವಿನಲ್ಲಿ ಡೀಪ್ ಫ್ರೀಜರ್ ತಿರುಗುತ್ತದಾ, ಟೇಪ್ ಹಿಡಿದು ನೋಡಿ. ಹಳೆಯ ಹೆಂಚಿನ ಕಟ್ಟಡಗಳಲ್ಲಿ ಇನ್ನೊಂದು ತಮಾಷೆ ಇದೆ. ದೊಡ್ಡ ಉಪಕರಣ ಬಂದ ಮೇಲೆ ಗೋಡೆ ಕಟ್ಟಿರುತ್ತಾರೆ. ಅದು ಹೊರಗೆ ಬರಬೇಕಾದರೆ ಗೋಡೆ ಒಡೆಯಲೇಬೇಕು.

ಇನ್ನು ಪ್ಯಾಕಿಂಗ್. ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವ ಚಟ ಬಿಡಿ. ಕಪಾಟಿನಲ್ಲಿ ಅದು ಹುಡುಕಲು ಸುಲಭ, ಪೆಟ್ಟಿಗೆಯಲ್ಲಿ ಅದು ಕೊಲೆಗಾರ. ಅಸಿಟೋನ್ ಪಕ್ಕದಲ್ಲೇ ಅಮೋನಿಯಂ ನೈಟ್ರೇಟ್ ಬಂದು ಕೂರುತ್ತದೆ. ಗುಣದ ಪ್ರಕಾರ ಗುಂಪು ಮಾಡಿ. ಉರಿಯುವುದು ಬೇರೆ, ಉರಿಸುವುದು ಬೇರೆ, ಆಮ್ಲ ಬೇರೆ, ಕ್ಷಾರ ಬೇರೆ, ನೀರು ಮುಟ್ಟಬಾರದ್ದು ಬೇರೆ. ಸಯನೈಡ್ ಮತ್ತು ಆಮ್ಲ ಒಂದೇ ಗಾಡಿಯಲ್ಲಿ ಹೋಗುವುದೇ ಬೇಡ.

ಆಮ್ಲ ಎಲ್ಲ ಒಂದೇ ಅಂದುಕೊಳ್ಳುವುದೂ ತಪ್ಪು. ನೈಟ್ರಿಕ್ ಆಸಿಡ್ ಮತ್ತು ಅಸಿಟಿಕ್ ಆಸಿಡ್ ಎರಡರ ಮೇಲೂ 'ಆಸಿಡ್' ಅಂತ ಇದೆ, ಒಂದೇ ಕ್ರೇಟಿಗೆ ಹಾಕಿಬಿಡ್ತಾರೆ. ನೈಟ್ರಿಕ್ ಆಸಿಡ್‌ಗೆ ಯಾವ ಸಾವಯವ ವಸ್ತುವೂ ಆಗಿಬರುವುದಿಲ್ಲ. ಇದಕ್ಕೇ ಹೇಳುವುದು, ಬೈಹುಲ್ಲು ಬೇಡ, ಹಳೆ ಪೇಪರ್ ಬೇಡ, ಮರದ ಹುಡಿ ಬೇಡ. ನಮ್ಮಲ್ಲಿ ಗಾಜು ಅಂದರೆ ಬೈಹುಲ್ಲಿನಲ್ಲಿ ಕಟ್ಟಿ ರೂಢಿ. ಬಾಟಲಿ ಒಡೆದು ನೈಟ್ರಿಕ್ ಆಸಿಡ್ ಹುಲ್ಲಿಗೆ ಇಳಿಯಿತು ಅಂದರೆ ಬೆಂಕಿಪೊಟ್ಟಣ ಬೇಡವೇ ಬೇಡ. ವರ್ಮಿಕ್ಯುಲೈಟ್ ಹಾಕಿ. ಅದು ಖನಿಜ, ಉರಿಯುವುದಿಲ್ಲ, ಚೆಲ್ಲಿದ್ದನ್ನು ಹೀರಿಕೊಳ್ಳುತ್ತದೆ. ಗಿಡದ ನರ್ಸರಿಯಲ್ಲಿ ಚೀಲಗಟ್ಟಲೆ ಸಿಗುತ್ತದೆ.

ಸಿಲಿಂಡರ್‌ಗಳು. ಹೆಸರು ಓದದಿದ್ದರೂ ಬಣ್ಣ ಹೇಳುತ್ತದೆ. ಆಸ್ಪತ್ರೆಯ ಆಕ್ಸಿಜನ್ ಕಪ್ಪು ಮೈ, ಬಿಳಿ ಕುತ್ತಿಗೆ. ಹೈಡ್ರೋಜನ್ ಕೆಂಪು. ಅಸಿಟಿಲೀನ್ ಮರೂನ್. ಇದು ಭಾರತೀಯ ಮಾನದಂಡದ ಬಣ್ಣ. ರೆಗ್ಯುಲೇಟರ್ ಬಿಚ್ಚಿ, ವಾಲ್ವಿನ ಮೇಲೆ ಟೊಪ್ಪಿ ಹಾಕಿ, ಟ್ರಾಲಿಯಲ್ಲಿ ಚೈನ್ ಬಿಗಿದು, ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು. ತುಂಬಿದ ಆಕ್ಸಿಜನ್ ಸಿಲಿಂಡರಿನ ಒತ್ತಡ ಸುಮಾರು 150 ಬಾರ್. ಕಾರಿನ ಟಯರಿಗೆ ನಾವು ಹಾಕುವುದು ಎರಡು ಚಿಲ್ಲರೆ. ವಾಲ್ವ್ ಮುರಿದರೆ ಏನಾಗ್ತದೆ ಅಂತ ನೀವೇ ಲೆಕ್ಕ ಹಾಕಿ. ನನ್ನ ಸಲಹೆ ಏನೆಂದರೆ ಸಾಗಿಸಲೇಬೇಡಿ. ಗ್ಯಾಸ್ ಏಜೆನ್ಸಿಯವರಿಗೆ ವಾಪಸ್ ಕೊಟ್ಟು, ಹೊಸ ವಿಳಾಸಕ್ಕೆ ಬೇರೆ ತರಿಸಿ.

ದ್ರವ ಸಾರಜನಕವನ್ನು ನೀವು ಎಲ್ಲರೂ ನೋಡಿದ್ದೀರಿ. ಹಾಲಿನ ಸೊಸೈಟಿಯವರು ದನಗಳಿಗೆ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಲು ಬೈಕಿನಲ್ಲಿ ಒಯ್ಯುವ ಆ ಸಣ್ಣ ಕ್ಯಾನ್ ಇದೆಯಲ್ಲ, ಅದರೊಳಗಿರುವುದು ಇದೇ, ಮೈನಸ್ 196 ಡಿಗ್ರಿ. ಬೈಕಿನಲ್ಲಿ ಗಾಳಿ ಇದೆ, ಹಾಗಾಗಿ ಪರವಾಗಿಲ್ಲ. ಅಪಾಯ ಶುರುವಾಗುವುದು ಮುಚ್ಚಿದ ಜಾಗದಲ್ಲಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಒಂದು ಸಾಧಾರಣ ಲಿಫ್ಟಿನ ಒಳಗಿನ ಜಾಗ ಏಳು ಸಾವಿರ ಲೀಟರ್ ಅಂದುಕೊಳ್ಳಿ. ಹತ್ತು ಲೀಟರ್ ಚೆಲ್ಲಿದರೆ ಲಿಫ್ಟಿನ ಗಾಳಿಯಷ್ಟೇ ಸಾರಜನಕ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ, ತಲೆ ತಿರುಗಿ ಬಿದ್ದುಬಿಡ್ತಾರೆ. ಹಾಗಾಗಿ ಕ್ಯಾನ್ ಮಾತ್ರ ಲಿಫ್ಟಿನಲ್ಲಿ ಹೋಗಲಿ, ಮನುಷ್ಯ ಮೆಟ್ಟಿಲಲ್ಲಿ ಹೋಗಲಿ. ಮಧ್ಯದ ಮಹಡಿಗಳಲ್ಲಿ ಯಾರೂ ಹತ್ತದ ಹಾಗೆ ಒಬ್ಬೊಬ್ಬರನ್ನು ನಿಲ್ಲಿಸಿ. ಕರೆಂಟ್ ಹೋಗಿ ಲಿಫ್ಟ್ ನಡುವೆ ನಿಂತರೆ ಒಳಗೆ ಕ್ಯಾನ್ ಮಾತ್ರ ಇರಲಿ.

ಡ್ರೈ ಐಸಿಗೂ ಇದೇ ಮಾತು. ಬಿಗಿಯಾಗಿ ಮುಚ್ಚಿದ ಡಬ್ಬದಲ್ಲಿ ಹಾಕಿದರೆ ಡಬ್ಬ ಒಡೆಯುತ್ತದೆ. ಮಣಿಪಾಲಕ್ಕೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪಾರ್ಸೆಲ್ ಕಳಿಸುವುದು ನಮ್ಮ ಊರಿನ ದೊಡ್ಡ ಸೌಕರ್ಯ. ಮೀನು ಕಳಿಸಿ, ಮಲ್ಲಿಗೆ ಕಳಿಸಿ. ಲ್ಯಾಬಿನ ಯಾವ ಬಾಟಲಿಯನ್ನೂ ಕಳಿಸಬೇಡಿ. ಸ್ಟಾಫಿನ ಕಾರಿನ ಡಿಕ್ಕಿಯೂ ಬೇಡ. ಅಪಾಯಕಾರಿ ಸರಕು ಸಾಗಿಸುವ ಗಾಡಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೇರೆಯೇ ಷರತ್ತುಗಳಿವೆ. ಚಾಲಕನಿಗೆ ತರಬೇತಿ, ಗಾಡಿಯ ಮೇಲೆ ಫಲಕ, ಒಳಗೆ ಏನಿದೆ ಅಂತ ಬರೆದ ಕಾಗದ. ಹೆದ್ದಾರಿಯಲ್ಲಿ ದಿನಾ ಓಡುವ ಗ್ಯಾಸ್ ಟ್ಯಾಂಕರ್‌ಗಳ ಹಿಂದೆ 1075 ಅಂತ ನೋಡಿರಬಹುದು. ಅದು ಎಲ್‌ಪಿಜಿಯ ಸಂಖ್ಯೆ, ಜಗತ್ತಿನಲ್ಲಿ ಎಲ್ಲಿ ಹೋದರೂ ಅದೇ. 2013ರಲ್ಲಿ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಹತ್ತಿದ್ದು ನಮ್ಮ ಜಿಲ್ಲೆಯವರು ಮರೆತಿಲ್ಲ. ಅಗ್ನಿಶಾಮಕದವರು ಬಂದಾಗ ಮೊದಲು ಕೇಳುವುದು ಒಳಗೆ ಏನಿದೆ ಅಂತ. ನಿಮ್ಮ ವ್ಯಾನಿನ ಚಾಲಕನ ಹತ್ತಿರ ಆ ಉತ್ತರ ಕಾಗದದಲ್ಲಿ ಇರಬೇಕು.

ಎತ್ತುವವರ ವಿಷಯ ಯಾರೂ ಮಾತಾಡುವುದಿಲ್ಲ. ಪೆಟ್ಟಿಗೆ ಎತ್ತುವುದು ನೀವಲ್ಲ, ನಾನಲ್ಲ. ಅವರಲ್ಲಿ ತುಳು ಮಾತಾಡುವವರು ಇರ್ತಾರೆ, ಬ್ಯಾರಿ ಮಾತಾಡುವವರು ಇರ್ತಾರೆ, ಈಗಂತೂ ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರೇ ಜಾಸ್ತಿ. ಪೆಟ್ಟಿಗೆಯ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ನಾವು ಕೈ ತೊಳೆದುಕೊಳ್ತೇವೆ. ಚಿತ್ರ ಅಂಟಿಸಿ. ಬೆಂಕಿ, ತಲೆಬುರುಡೆ, ಕೈ ಮೇಲೆ ಸುರಿಯುವ ದ್ರವ, ಇವು ಎಲ್ಲ ಭಾಷೆಯಲ್ಲೂ ಒಂದೇ. ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಅವರ ಭಾಷೆಯಲ್ಲೇ ಹತ್ತು ನಿಮಿಷ ಹೇಳಿಸಿ. ಹವಾಯಿ ಚಪ್ಪಲಿಯಲ್ಲಿ ಬಂದವರಿಗೆ ಬೂಟ್ ಕೊಡಿಸಿ. ಇದರ ಖರ್ಚು ಬಜೆಟಿನಲ್ಲಿ ಬರೆದಿರುವುದಿಲ್ಲ, ಬರೆಸಿ.

ಈಗ ಸೂಕ್ಷ್ಮ ಉಪಕರಣಗಳು. ದೊಡ್ಡವುಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಮಾಸ್ ಸ್ಪೆಕ್ಟ್ರೋಮೀಟರ್, ಎನ್‌ಎಂಆರ್ ಇಂಥವನ್ನು ಕಂಪನಿಯ ಎಂಜಿನಿಯರೇ ಬಂದು ಬಿಚ್ಚಬೇಕು, ಅವರೇ ಬಂದು ಜೋಡಿಸಬೇಕು. ಎನ್‌ಎಂಆರ್ ಮ್ಯಾಗ್ನೆಟ್ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಕೂತಿರುತ್ತದೆ, ಅದು ಹಮಾಲಿ ಕೆಲಸ ಅಲ್ಲ. ವಾರಂಟಿಯ ಕಾಗದ ಓದಿ, ವಿಮೆ ಮಾಡಿಸಿ, ಅಷ್ಟೇ.

ನಾವು ಕೆಡಿಸುವುದು ಮಧ್ಯಮ ಗಾತ್ರದವನ್ನು. ಸೆಂಟ್ರಿಫ್ಯೂಜಿನ ರೋಟರ್ ಒಳಗೇ ಬಿಟ್ಟು ಎತ್ತುತ್ತೇವೆ. ದ್ರಾವಣದ ಅಂಶಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಬಫರ್ (ಉಪ್ಪಿನ ದ್ರಾವಣ) ಉಳಿದಿರುತ್ತದೆ, ಉಪ್ಪು ಕಟ್ಟಿ ಪಂಪ್ ಹಾಳು. ಮೈನಸ್ 80ರ ಫ್ರೀಜರನ್ನು ಮಲಗಿಸಿ ಸಾಗಿಸ್ತೇವೆ, ತಂದ ಕೂಡಲೇ ಪ್ಲಗ್ ಹಾಕ್ತೇವೆ. ಕಂಪ್ರೆಸರಿನ ಎಣ್ಣೆ ಕೆಳಗೆ ಇಳಿಯಲು ಒಂದು ದಿನ ನಿಲ್ಲಿಸಿಡಬೇಕು. ಆ ದಿನ ಸ್ಯಾಂಪಲ್‌ಗಳು ಎಲ್ಲಿರ್ತವೆ ಅನ್ನುವುದನ್ನು ಮೊದಲೇ ಯೋಚಿಸಿ. ಇನ್ನೊಂದು ಕಡೆ ಖಾಲಿ ಫ್ರೀಜರ್ ಕೇಳಿಟ್ಟುಕೊಳ್ಳಿ. ಬಯೋಸೇಫ್ಟಿ ಕ್ಯಾಬಿನೆಟ್ಟನ್ನು ಒಂದು ಕೋಣೆಯಿಂದ ಪಕ್ಕದ ಕೋಣೆಗೆ ಸರಿಸಿದರೂ ಫಿಲ್ಟರ್ ಪರೀಕ್ಷೆ ಮತ್ತೆ ಮಾಡಿಸಬೇಕು. ಅದಕ್ಕೆ ಮೊದಲು, ಬಿಚ್ಚುವ ಮುಂಚೆ, ಒಳಗಿನ ಸೋಂಕು ತೆಗೆಸಬೇಕು.

ಕರಾವಳಿಗೆ ಮಾತ್ರ ಸೇರಿದ ಮಾತು ಒಂದಿದೆ. ಎಸಿ ಕೋಣೆಯಲ್ಲಿ 22 ಡಿಗ್ರಿಯಲ್ಲಿದ್ದ ಮೈಕ್ರೋಸ್ಕೋಪನ್ನು ಹಾಗೇ ವರಾಂಡಕ್ಕೆ ತಂದರೆ ಬೆವರುತ್ತದೆ. ಲೆನ್ಸಿನ ಮೇಲೆ, ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು. ಎಸಿ ಕೋಣೆಯೊಳಗೇ ಪ್ಲಾಸ್ಟಿಕ್ಕಿನಲ್ಲಿ ಸಿಲಿಕಾ ಜೆಲ್ ಜೊತೆ ಬಿಗಿಯಾಗಿ ಸುತ್ತಿ. ಹೊಸ ಜಾಗಕ್ಕೆ ಹೋದ ಮೇಲೆ ಕೆಲವು ಗಂಟೆ ಹಾಗೇ ಬಿಡಿ, ಉಷ್ಣತೆ ಸಮವಾದ ಮೇಲೆ ಬಿಚ್ಚಿ. ವಾರಗಟ್ಟಲೆ ಪೆಟ್ಟಿಗೆಯಲ್ಲೇ ಇಟ್ಟರೆ ಲೆನ್ಸಿಗೆ ಬೂಸ್ಟು ಬರುತ್ತದೆ. ಬೂಸ್ಟು ಗಾಜನ್ನೇ ಕೆರೆಯುತ್ತದೆ, ಒರೆಸಿದರೆ ಹೋಗುವುದಿಲ್ಲ.

ತಕ್ಕಡಿಯ ಬಗ್ಗೆ ಒಂದು ಮಾತು, ಇದು ನನಗೆ ತುಂಬ ಇಷ್ಟದ ವಿಷಯ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಅಲ್ಲಿ ಗುರುತ್ವ ಒಂದು ಚೂರು ಕಡಿಮೆ. ಅಲ್ಲಿ ಸರಿಮಾಡಿದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಶಿರಾಡಿ ಘಾಟಿ ಇಳಿಸಿ ಇಲ್ಲಿ ಇಟ್ಟರೆ 100 ಗ್ರಾಂ ಕಲ್ಲು ಹತ್ತಿಪ್ಪತ್ತು ಮಿಲಿಗ್ರಾಂ ಜಾಸ್ತಿ ತೋರಿಸುತ್ತದೆ. ತಕ್ಕಡಿ ಕೆಟ್ಟಿಲ್ಲ, ಊರು ಬದಲಾಗಿದೆ. ಹಂಪನಕಟ್ಟೆಯಿಂದ ಕೊಣಾಜೆಗೆ ಹೋದರೆ ಇಷ್ಟು ವ್ಯತ್ಯಾಸ ಬರುವುದಿಲ್ಲ, ಆದರೂ ಮಟ್ಟದ ಗುಳ್ಳೆ ನೋಡಿ ಪ್ರಮಾಣಿತ ತೂಕ ಇಟ್ಟು ಸರಿಮಾಡದೆ ಒಂದು ಅಳತೆಯನ್ನೂ ಬರೆಯಬೇಡಿ. ಹೊರಡುವ ಮುಂಚಿನ ದಿನ ಎಲ್ಲ ಉಪಕರಣದ ಮೇಲೂ ಒಂದೊಂದು ಗೊತ್ತಿರುವ ಸ್ಯಾಂಪಲ್ ಹಾಕಿ ಫಲಿತಾಂಶ ಬರೆದಿಡಿ. ಹೋದ ಮೇಲೆ ಅದೇ ಸ್ಯಾಂಪಲ್ ಮತ್ತೆ ಹಾಕಿ. ಆಗ ಜಗಳ ಇರುವುದಿಲ್ಲ.

ಕೊನೆಗೆ ಹಳೆಯ ಕೋಣೆ. ಎಲ್ಲ ಹೋದ ಮೇಲೆ ಬೀಗ ಹಾಕಿ ಬಂದುಬಿಡ್ತೇವೆ, ಅಲ್ವಾ?

ಬ್ರೆಜಿಲ್‌ನ ಗೊಯಾನಿಯಾದಲ್ಲಿ ಒಂದು ಖಾಸಗಿ ವಿಕಿರಣ ಚಿಕಿತ್ಸಾ ಸಂಸ್ಥೆ ಇತ್ತು. 1985ರ ಕೊನೆಯ ಹೊತ್ತಿಗೆ ಅವರು ಬೇರೆ ಕಟ್ಟಡಕ್ಕೆ ಹೋದರು. ಕೋಬಾಲ್ಟ್ ಯಂತ್ರ ತೆಗೆದುಕೊಂಡು ಹೋದರು, ಸೀಸಿಯಂ-137 ಯಂತ್ರ ಅಲ್ಲೇ ಬಿಟ್ಟರು. ಪರವಾನಗಿ ಕೊಟ್ಟ ಇಲಾಖೆಗೆ ಹೇಳಲೂ ಇಲ್ಲ. ಕಟ್ಟಡ ಅರ್ಧ ಒಡೆದು ಪಾಳು ಬಿತ್ತು. 1987ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಒಳಗೆ ನುಗ್ಗಿ, ಬೆಲೆಬಾಳುವ ಲೋಹ ಅಂತ ಅದರ ಭಾಗ ಬಿಚ್ಚಿ ಗುಜರಿಗೆ ಮಾರಿದರು. ಒಳಗಿನ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಚಂದ ಇದೆ ಅಂತ ನೆಂಟರಿಗೆ ಹಂಚಿದರು, ಮೈಗೆ ಹಚ್ಚಿಕೊಂಡರು. ನಾಲ್ಕು ಜನ ಸತ್ತರು, ಅದರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. 249 ಜನರ ಮೈಯಲ್ಲಿ ವಿಕಿರಣ ಸಿಕ್ಕಿತು. ಒಂದು ಲಕ್ಷಕ್ಕಿಂತ ಜಾಸ್ತಿ ಜನರನ್ನು ಸ್ಟೇಡಿಯಂನಲ್ಲಿ ಸಾಲು ನಿಲ್ಲಿಸಿ ಪರೀಕ್ಷೆ ಮಾಡಬೇಕಾಯಿತು.

ಬ್ರೆಜಿಲ್ ದೂರ ಆಯಿತು ಅಂದರೆ ದೆಹಲಿಗೆ ಬನ್ನಿ. ದೆಹಲಿ ವಿಶ್ವವಿದ್ಯಾಲಯದ ಕೆಮಿಸ್ಟ್ರಿ ವಿಭಾಗದಲ್ಲಿ 1985ರಿಂದ ಬಳಸದೆ ಬಿದ್ದಿದ್ದ ಗಾಮಾ ಯಂತ್ರವನ್ನು 2010ರಲ್ಲಿ ಹರಾಜು ಹಾಕಿದರು. ಮಾಯಾಪುರಿಯ ಗುಜರಿಯವರು ಅದನ್ನು ಒಡೆದರು. ಒಳಗೆ ಕೋಬಾಲ್ಟ್-60. ಒಬ್ಬ ಕಾರ್ಮಿಕ ಸತ್ತ. ಅದು ಬೇಡವಾದ ಹಳೆ ಸಾಮಾನು ವಿಲೇವಾರಿ, ಅಷ್ಟೇ. ನಮ್ಮಲ್ಲಿ ಗಾಮಾ ಯಂತ್ರ ಇಲ್ಲ ಅಂತ ನಿರಾಳ ಆಗಬೇಡಿ. ಹಳೆಯ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಇದೆಯಾ? ಅದರಲ್ಲಿ ಇಸಿಡಿ ಡಿಟೆಕ್ಟರ್ ಇದ್ದರೆ ಅದರೊಳಗೆ ನಿಕ್ಕಲ್-63 ಇರಬಹುದು, ಅದೂ ವಿಕಿರಣ ಮೂಲವೇ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸದೆ ಅದನ್ನು ಗುಜರಿಗೂ ಕೊಡುವ ಹಾಗಿಲ್ಲ, ಬೇರೆ ಕಡೆಗೂ ಒಯ್ಯುವ ಹಾಗಿಲ್ಲ.

ಕೋಣೆಯಲ್ಲಿ ಇನ್ನೇನು ಉಳಿದಿರುತ್ತದೆ ನೋಡಿ. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಎಷ್ಟೋ ವರ್ಷದ ಥರ್ಮಾಮೀಟರಿನ ಪಾದರಸ. ಮರದ ಮೇಜಿನ ಬಿರುಕಿನಲ್ಲೂ ಅದೇ. ಪರ್ಕ್ಲೋರಿಕ್ ಆಸಿಡ್ ಕಾಯಿಸುತ್ತಿದ್ದ ಹುಡ್ ಆದರೆ ಅದರ ಕೊಳವೆಯೊಳಗೆ ಪರ್ಕ್ಲೋರೇಟ್ ಹರಳು, ಸುತ್ತಿಗೆ ಏಟಿಗೆ ಸಿಡಿಯುವಂಥದ್ದು. ಮೊದಲ ಏಟು ಹಾಕುವವನು ಹೊಸ ಟೈಲ್ಸ್ ಹಾಕಲು ಬಂದ ಮೇಸ್ತ್ರಿ. ಅವನಿಗೆ ಇದು ಲ್ಯಾಬ್ ಆಗಿತ್ತು ಅಂತಲೂ ಗೊತ್ತಿರುವುದಿಲ್ಲ. ಹಾಗಾಗಿ ಮೇಜು, ಕಪಾಟು, ಸಿಂಕಿನ ಪೈಪ್, ಹುಡ್, ಅಟ್ಟ ಎಲ್ಲವನ್ನೂ ಒಬ್ಬರು ಹೆಸರು ಬರೆದು ಸಹಿ ಹಾಕಿ ಒಪ್ಪಿಸಬೇಕು. ವಿಭಾಗದ ಸೀಲ್ ಸಾಲದು, ಒಬ್ಬ ಮನುಷ್ಯನ ಹೆಸರು ಬೇಕು. ಆ ಕಾಗದದ ಒಂದು ಪ್ರತಿ ಬಾಗಿಲಿಗೆ ಅಂಟಿಸಿ, ಇನ್ನೊಂದು ಮೇಸ್ತ್ರಿ ಕೈಗೆ ಕೊಡಿ. ಗುಜರಿಯವರಿಗೆ ಫೋನ್ ಮಾಡುವುದು ಅದಾದ ಮೇಲೆ.